ಐವತ್ತೆಂಟು ಕೋಟಿಗೊಬ್ಬ

ಎಚ್.ಡಿ. ಕೋಟೆ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಶಾಂತಲಾಳ ಕೈಗೆ ಬಂದ ಕಾಗದ ಇನ್ನೂ ಬೆಚ್ಚಗಿತ್ತು. ಅದೊಂದು ಇಂಗ್ಲಿಷ್ ಅಡ್ಡಹೆಸರಿನ ಜಾತಕ. ಹೆಸರು ಲ್ಯಾಮ್‌ಸ್ಕೆಲ್. ಹುಟ್ಟಿದ್ದು ಇಂಗ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ. ಅರ್ಥ, ಕುರಿಮರಿಗಳನ್ನು ಕೂಡಿಹಾಕುವ ಗುಡಿಸಲು. ಸಾವಿರದ ಎಂಟುನೂರ ಎಂಬತ್ತೊಂದರ ಗಣತಿಯಲ್ಲಿ ಈ ಹೆಸರಿನವರು ನೂರ ಅರವತ್ತಮೂರು ಮಂದಿ. ಈಗ ಇಡೀ ಲೋಕದಲ್ಲಿ ಹದಿನಾಲ್ಕು ಮಂದಿ. ಅಂಗಡಿಯ ಹುಡುಗಿ ಸುಮ್ಮನಿರಲಾರದೆ ಮೊಬೈಲಿನಲ್ಲಿ ಲೆಕ್ಕ ಹಾಕಿ, ‘ಅಕ್ಕ, ಐವತ್ತೆಂಟು ಕೋಟಿಗೊಬ್ರು’ ಅಂದಳು. ಶಾಂತಲಾಗೆ ತಲೆ ತಿರುಗಿತು. ಆ ಹದಿನಾಲ್ಕು ಮಂದಿಯಲ್ಲಿ ಒಬ್ಬರು ಒಂದು ರುಜು ಹಾಕದಿದ್ದರೆ ಅವಳ ಮನೆ, ಮನೆಯ ಸುತ್ತಲಿನ ನಾಲ್ಕು ಎಕರೆ ಎರಡೂ ಕೈಬಿಟ್ಟು ಹೋಗುತ್ತಿದ್ದವು.

ನಮ್ಮ ಸೀಮೆಯವರಿಗೆ ಅಡ್ಡಹೆಸರಿನ ಗೋಜೇ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಹಿಂದಕ್ಕೆ ಸಿಕ್ಕಿಸಿಕೊಂಡರೆ ನಾಮಕರಣದಿಂದ ಮಣ್ಣಿನವರೆಗೆ ಸಲೀಸಾಗಿ ಸಾಗುತ್ತದೆ. ಅಂತರಸಂತೆಯ ಆಚೆ, ಕಾಕನಕೋಟೆಯ ಕಾಡಿಗೆ ಒತ್ತಿಕೊಂಡಿರುವ ಕರಿಮಾಳದಹುಂಡಿಯ ರೇಷನ್ ಪಟ್ಟಿಯಲ್ಲಿ ಮೂವರು ಸಣ್ಣಬೀರಯ್ಯರಿದ್ದಾರೆ. ಅವರನ್ನು ಬೇರೆ ಮಾಡಲು ಕುಂಟ ಸಣ್ಣಬೀರಯ್ಯ, ಕೆಂಪು ಸಣ್ಣಬೀರಯ್ಯ, ಸಿಡುಬಿನ ಸಣ್ಣಬೀರಯ್ಯ ಅಂದರೆ ಸಾಕು. ಮುಖದ ತುಂಬ ಸಿಡುಬಿನ ಕಲೆಯಿರುವ ಮೂರನೆಯವನೇ ಶಾಂತಲಾಳ ಮಾವ. ವಯಸ್ಸು ಎಂಬತ್ತಮೂರು. ಇಂಥ ಮನೆಯ ಸೊಸೆ ಯಾವುದೋ ಬಿಳಿಯರ ಅಡ್ಡಹೆಸರಿನ ಬೆನ್ನು ಹತ್ತಬೇಕಾಗಿ ಬಂದದ್ದು ಒಂದು ಪಹಣಿಯಿಂದ.

ಆ ನಾಲ್ಕು ಎಕರೆಯ ಪಹಣಿಯಲ್ಲಿ ಇವತ್ತಿಗೂ ಇರುವ ಹೆಸರು ಇ. ಲ್ಯಾಮ್‌ಸ್ಕೆಲ್. ಆತ ಒಂಟಿ ಮನುಷ್ಯ. ಕಾಡಿನ ಮರದ ಕಂಟ್ರಾಕ್ಟಿಗೆ ಬಂದವನು ಅದು ಮುಗಿದ ಮೇಲೂ ಹೋಗದೆ, ನೆಲ ಕೊಂಡು, ಮನೆ ಕಟ್ಟಿಕೊಂಡು, ನಲವತ್ತು ಕುರಿ ಸಾಕಿಕೊಂಡು ಇದ್ದುಬಿಟ್ಟ. ಕುರಿ ಕಾಯುತ್ತಿದ್ದವನು ಸಣ್ಣಬೀರಯ್ಯನ ಅಪ್ಪ. ಸಣ್ಣಬೀರಯ್ಯನಿಗೆ ಆರು ವರ್ಷವಿದ್ದಾಗ ಸಿಡುಬು ಎದ್ದು, ಹುಂಡಿಯವರು ಹೆದರಿ ಹೊಲದ ಗುಡಿಸಲುಗಳಿಗೆ ಹೋದಾಗ, ಮಗುವನ್ನು ತನ್ನ ಮಂಚದ ಮೇಲೆ ಮಲಗಿಸಿಕೊಂಡು ಇಪ್ಪತ್ತು ದಿನ ಬೇವಿನ ಸೊಪ್ಪು ಬೀಸಿದವನು ಆ ದೊರೆ. ಮೂರು ವರ್ಷದ ಮೇಲೆ ಆತನೇ ಜ್ವರ ಬಂದು ಮಲಗಿದ. ಸಾಯುವ ದಿನ ಸಣ್ಣಬೀರಯ್ಯನ ಅಪ್ಪನ ಕೈ ಹಿಡಿದು, ‘ಉಳು, ತಿನ್ನು’ ಅಂದ. ಆತನಿಗೆ ಬರುತ್ತಿದ್ದ ಕನ್ನಡ ಅಷ್ಟೇ. ‘ಸಾಯೋನ ಮುಂದೆ ಕಾಗದ ಹಿಡ್ಕಂಡು ನಿಂತ್ಕಳಕಾಯ್ತದಾ’ ಎಂದು ಅಪ್ಪ ಏನನ್ನೂ ಬರೆಸಿಕೊಳ್ಳಲಿಲ್ಲ. ಜಮೀನಿನ ಮೂಲೆಯ ಹುಣಸೆ ಮರದ ಕೆಳಗೆ ಮಣ್ಣು ಮಾಡಿ, ತಲೆಯ ಕಡೆ ಒಂದು ಕಲ್ಲು ನೆಟ್ಟ.

ಅದಾದ ಮೇಲೆ ಉಳುವವನೇ ಒಡೆಯ ಅನ್ನುವ ಕಾನೂನು ಬಂತು. ಗೇಣಿದಾರರೆಲ್ಲ ಅರ್ಜಿ ಹಾಕಲು ಕೋಟೆಗೆ ಓಡಿದರು. ಸಣ್ಣಬೀರಯ್ಯ ಆಗ ಮೂವತ್ತರ ಗಂಡಸು. ಅರ್ಜಿಯ ನಮೂನೆಯನ್ನು ಮನೆ ಬಾಗಿಲಿಗೇ ತಂದುಕೊಟ್ಟವರನ್ನು ವಾಪಸ್ ಕಳಿಸಿದ. ಮಾರ್ನಮಿಯ ಮುಂಚೆ ಬರುವ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವರ ಮನೆಯಲ್ಲಿ ದೊರೆಗೂ ಒಂದು ಎಲೆ ಹಾಕುತ್ತಿದ್ದರು. ಅವನ ಹೆಸರು ಹಿಡಿದು ಉಣ್ಣಲು ಕರೆಯುತ್ತಿದ್ದರು. ‘ಎಡೆ ಮಡಗೋ ಕೈಲಿ ಅವ್ನ ನೆಲ ನಂಗೆ ಕೊಡಿ ಅಂತ ಬರ್ಕೊಡಕಾಯ್ತದಾ’ ಅನ್ನುವುದು ಸಣ್ಣಬೀರಯ್ಯನ ವಾದ. ಆ ವಾದಕ್ಕೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲ ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುವ ಆಸಾಮಿಯಲ್ಲ.

ಕಳೆದ ವರ್ಷ ಸತ್ತವರ ಹೆಸರಿನ ಖಾತೆಗಳನ್ನೆಲ್ಲ ವಾರಸುದಾರರಿಗೆ ಮಾಡಿಕೊಡುವ ಕೆಲಸ ಊರೂರಲ್ಲಿ ಶುರುವಾಯಿತು. ಗ್ರಾಮ ಆಡಳಿತಾಧಿಕಾರಿ ಬಂದು, ಒಳ್ಳೆಯ ಮಾತಿನಲ್ಲೇ, ‘ಖಾತೆದಾರರು ಯಾರು, ನಿಮಗೇನಾಗಬೇಕು, ವಂಶವೃಕ್ಷ ಕೊಡಿ’ ಅಂದರು. ಏನೂ ಆಗಬೇಕಿಲ್ಲ. ವಾರಸುದಾರರು ಇಲ್ಲದಿದ್ದರೆ ನೆಲ ಸರ್ಕಾರಕ್ಕೆ ಸೇರುತ್ತದೆ ಅನ್ನುವ ನೋಟೀಸು ತಿಂಗಳಲ್ಲಿ ಮನೆಗೆ ಬಂತು. ಶಾಂತಲಾಳ ಗಂಡ ನಟರಾಜು ಅದನ್ನು ಓದಿ ಜಗಲಿಯ ಮೇಲೆ ಕುಕ್ಕರಿಸಿದವನು ಸಂಜೆಯವರೆಗೂ ಏಳಲಿಲ್ಲ. ಎರಡು ಹೆಣ್ಣುಮಕ್ಕಳು ಶಾಲೆಯಿಂದ ಬಂದು ಅಪ್ಪನ ಮುಖ ನೋಡಿ ಒಳಗೆ ಹೋದವು. ಆ ಮನೆಯಲ್ಲಿ ಕಚೇರಿ ಅಲೆಯುವ ಗಟ್ಟಿಗಿತ್ತಿ ಶಾಂತಲಾ ಒಬ್ಬಳೇ. ಮಾರನೆಯ ದಿನವೇ ಅವಳು ಹುಣಸೂರಿನ ಬಸ್ಸು ಹತ್ತಿದಳು.

ಹುಣಸೂರಿನ ವಕೀಲ ಸಿದ್ದಾರ್ಥ ಇನ್ನೂ ಎಳೆಯ, ಆದರೆ ಚುರುಕು. ಕಾಗದ ನೋಡಿ ಅವನು ಹೇಳಿದ. ‘ಅಕ್ಕ, ಆ ದೊರೆ ವಂಶದೋರು ಯಾರಾದ್ರೂ ಸಿಕ್ಕಿ, ನಮಗೆ ಬೇಡ, ಇವರೇ ಇಟ್ಕೊಳ್ಳಲಿ ಅಂತ ಹಕ್ಕು ಬಿಟ್ಟುಕೊಟ್ರೆ ಸಲೀಸು. ಆ ಹೆಸರು ಅಪರೂಪದ್ದು. ಅಪರೂಪದ ಹೆಸರಾದ್ರೆ ಹುಡುಕೋದು ಸುಲಭ.’

ಹಾಗೆ ಸಿಕ್ಕಿದ್ದು ಆ ಜಾತಕ. ಶಾಂತಲಾ ಅದನ್ನು ಮನೆಗೆ ತಂದು ಮಾವನಿಗೆ ಓದಿ ಹೇಳಿದಳು. ಹೆಸರಿನ ಅರ್ಥ ಹೇಳಿದಾಗ ಮುದುಕ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ.

‘ಮರಿಗೂಡು ಅಂತಲಾ?’

‘ಊಂ ಮಾವ, ಅಂಗೇ ಬರ್ದವ್ರೆ.’

‘ಅಂಗಾರೆ ಅವ್ರ ಅಪ್ಪ ತಾತ ಎಲ್ಲ ಕುರಿ ಕಾಯೋರೇ ಕಣವ್ವ. ನಮ್ಮಪ್ಪ ಆಗ್ಲೇ ಯೋಳೋನು, ಮರಿ ಎತ್ಕಳದ ನೋಡ್ಲಾ, ಇದು ಕಲ್ತು ಬಂದಿದ್ದಲ್ಲ, ಉಟ್ಟಿ ಬಂದಿದ್ದು ಅಂತ.’ ಮುದುಕನ ಮುಖ ಅರಳಿತ್ತು. ‘ಎಷ್ಟು ಜನವ್ರೆ ಅಂದೆ?’

‘ಹದಿನಾಲ್ಕು.’

‘ಅಷ್ಟೇಯಾ? ಪಾಪ’ ಅಂದ. ತನ್ನ ತಲೆಯ ಮೇಲಿನ ಸೂರು ಹೋಗುವ ಹೊತ್ತಿನಲ್ಲಿ ಮುದುಕ ಅವರಿಗಾಗಿ ಮರುಗುತ್ತಿದ್ದ. ಶಾಂತಲಾಗೆ ಸಿಟ್ಟು ಬಂತು, ನಗುವೂ ಬಂತು.

ಹದಿನಾಲ್ಕರಲ್ಲಿ ಒಂಬತ್ತು ಮಂದಿಯ ವಿಳಾಸ ಸಿಕ್ಕಿತು. ಸಿದ್ದಾರ್ಥ ಇಂಗ್ಲಿಷಿನಲ್ಲಿ ಬರೆದ, ಶಾಂತಲಾ ರುಜು ಹಾಕಿದಳು, ಉತ್ತರಕ್ಕೆ ಅವಳ ಮೊಬೈಲಿನ ಇಮೇಲ್ ಹಾಕಿದ ಪತ್ರಗಳು ಹೋದವು. ಆಮೇಲಿನ ಎರಡು ತಿಂಗಳು ಅವಳು ಮೊಬೈಲನ್ನು ಸೊಂಟದಿಂದ ಕೆಳಗಿಳಿಸಲಿಲ್ಲ. ಹೊಗೆಸೊಪ್ಪು ಪೋಣಿಸುವಾಗಲೂ, ಹಸು ಕರೆಯುವಾಗಲೂ, ಅದು ಟಿಂಗ್ ಅಂದರೆ ಕೈ ಒರೆಸಿಕೊಂಡು ನೋಡುತ್ತಿದ್ದಳು. ಕೆನಡಾದ ಒಬ್ಬ, ನಮಗೂ ಅವರಿಗೂ ಸಂಬಂಧವಿಲ್ಲ, ಮತ್ತೆ ಬರೆಯಬೇಡಿ ಅಂದ. ಇನ್ನೊಬ್ಬ, ಇಂಥ ಮೋಸದ ಪತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ, ಪೊಲೀಸರಿಗೆ ಹೇಳುತ್ತೇನೆ ಅಂದ. ಆರು ಮಂದಿಯ ಸುದ್ದಿಯೇ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ನಟರಾಜು ಹೆಂಡತಿಯ ಮುಖ ನೋಡುತ್ತಿದ್ದ, ಅವಳು ಇಲ್ಲವೆಂದು ತಲೆ ಆಡಿಸುತ್ತಿದ್ದಳು.

ಕಡೆಗೆ ಒಂಬತ್ತನೆಯವಳು ಬರೆದಳು. ಎಪ್ಪತ್ತು ದಾಟಿದ ಹೆಂಗಸು. ತಮ್ಮ ವಂಶದ ಪಟ್ಟಿಯಲ್ಲಿ ಎಡ್ವಿನ್ ಎಂಬುವನಿದ್ದಾನೆ, ಇಂಡಿಯಾಕ್ಕೆ ಹೋದ, ಮುಂದೆ ತಿಳಿಯದು ಎಂದಿದೆ. ಆದರೆ ತನ್ನದು ಬೇರೆ ಕವಲು, ಅವನ ಕವಲು ಅವನೊಂದಿಗೇ ಮುಗಿದಿದೆ, ಹಕ್ಕು ಬಿಟ್ಟುಕೊಡಲು ತನಗೆ ಹಕ್ಕೇ ಇಲ್ಲ, ಕ್ಷಮಿಸಬೇಕು. ಕೊನೆಯಲ್ಲಿ ಕೇಳಿದ್ದಳು. ಅವನಿಗೆ ಸಮಾಧಿ ಇದೆಯೇ? ಅದನ್ನು ಯಾರಾದರೂ ನೋಡಿಕೊಳ್ಳುತ್ತಾರೆಯೇ? ಒಂದು ಫೋಟೋ ಕಳಿಸಬಹುದೇ?

ಸಿದ್ದಾರ್ಥ ಅದನ್ನು ಎರಡು ಸಲ ಓದಿ ತಲೆ ಕೆರೆದುಕೊಂಡ. ‘ಇದಕ್ಕೆ ಉತ್ತರ ಕೊಡಬೇಡಿ ಅಕ್ಕ.’

‘ಯಾಕೆ? ಒಂದು ಫೋಟೋ ತಾನೆ?’

‘ಈಗ ಉಳಿದಿರೋದು ಒಂದೇ ದಾರಿ. ಕೋರ್ಟಲ್ಲಿ, ಈ ನೆಲ ನಮ್ಮದೇ ಅಂತ ಮೊದಲಿಂದ ಹಿಡ್ಕೊಂಡಿದ್ದೀವಿ, ಮಾಲೀಕ ಅಂತ ಯಾರನ್ನೂ ಒಪ್ಪಿಲ್ಲ, ಯಾರ ಅಪ್ಪಣೇನೂ ಪಡ್ದಿಲ್ಲ ಅನ್ನಬೇಕು. ಅಷ್ಟು ವರ್ಷ ಎದುರು ಹಾಕ್ಕೊಂಡು ಅನುಭವಿಸಿದ್ರೆ ಕಾನೂನು ಹಕ್ಕು ಕೊಡುತ್ತೆ. ದೊರೆ ಕೊಟ್ಟ, ನಾವು ನೋಡ್ಕೊತಿದ್ದೀವಿ ಅಂದ್ರೆ ಮುಗೀತು. ನೋಡ್ಕೊಳ್ಳೋನಿಗೆ ಹಕ್ಕಿಲ್ಲ. ಸಮಾಧಿ, ಎಡೆ, ಇದೆಲ್ಲ ಎದುರು ಪಕ್ಷದೋರ ಕೈಗೆ ಸಿಗಬಾರದು. ಸಾಕ್ಷಿ ಹೇಳಬೇಕಾದೋರು ನಿಮ್ಮ ಮಾವ. ಅವರಷ್ಟು ಹಳಬರು ಬೇರೆ ಯಾರೂ ಬದುಕಿಲ್ಲ.’

ಕದ್ದವನಿಗೆ ಸಿಗುವ ನೆಲ ಕಾಪಾಡಿದವನಿಗೆ ಸಿಗುವುದಿಲ್ಲ. ಶಾಂತಲಾ ಬಿ.ಎ. ಓದಿದವಳು. ಆದರೂ ಇದು ತಲೆಗೆ ಇಳಿಯಲು ಅಂತರಸಂತೆಯವರೆಗಿನ ಬಸ್ಸಿನ ದಾರಿಯಷ್ಟೂ ಹಿಡಿಯಿತು. ಇಳಿದ ಮೇಲೆ ಅವಳು ಆ ಹೆಂಗಸಿಗೆ ಉತ್ತರ ಬರೆಯಲಿಲ್ಲ. ಅವಳ ಪತ್ರ ಬಂದದ್ದನ್ನು ಮಾವನಿಗೆ ಹೇಳಲೂ ಇಲ್ಲ.

ಕೋರ್ಟಿನಲ್ಲಿ ಹೀಗೆ ಹೇಳಬೇಕೆಂದು ಮಾವನಿಗೆ ತಿಳಿಸಿದ ದಿನ ಆತ ಎದ್ದು ಹೊಲದ ಕಡೆ ನಡೆದುಬಿಟ್ಟ. ಎರಡನೆಯ ದಿನ ಬೈದ. ಮೂರನೆಯ ದಿನ ಶಾಂತಲಾ ಅವನ ಕಾಲಿಗೆ ಬಿದ್ದಳು. ನಾಟಕಕ್ಕೆ ಬಿದ್ದದ್ದಲ್ಲ. ಅವಳಿಗೆ ಬೇರೆ ದಾರಿ ಕಾಣುತ್ತಿರಲಿಲ್ಲ.

‘ಮಾವ, ಎರಡು ಹೆಣ್ ಮಕ್ಳವ್ರೆ. ಎಲ್ಲಿಗೆ ಕರ್ಕೊಂಡು ಓಗ್ಲಿ ಯೋಳಿ. ನಾಳೆ ಬಂದು ಬೀಗ ಹಾಕಿದ್ರೆ ಯಾರ ಜಗಲಿ ಮೇಲೆ ಕುಂತ್ಕೊಳ್ಲಿ?’

‘ಏಳವ್ವ ಮ್ಯಾಕೆ.’

‘ನೀವು ಊಂ ಅನ್ನಗಂಟ ಏಳಾಕಿಲ್ಲ.’

ಮುದುಕ ಅಂಗಳದ ಕಡೆ ತಿರುಗಿದ. ಕುಂಟುತ್ತಿದ್ದ ಕೋಳಿಯೊಂದನ್ನು ನೋಡುತ್ತ, ‘ಏನ್ ಯೋಳ್ಬೇಕು, ಯೋಳ್ಕೊಡು’ ಅಂದ.

ಸಿದ್ದಾರ್ಥ ಸರ್ಕಾರದ ಎದುರು ದಾವೆ ಹೂಡಿದ, ಇತ್ತ ಮನೆಯಲ್ಲಿ ಪಾಠ ಶುರು. ಬೆಳಗ್ಗೆ ಕಾಫಿ ಕೊಡುವಾಗೊಮ್ಮೆ, ಮಧ್ಯಾಹ್ನ ಮುದ್ದೆ ಬಡಿಸುವಾಗೊಮ್ಮೆ ಶಾಂತಲಾ ಸರ್ಕಾರಿ ವಕೀಲನಾಗಿ ಪ್ರಶ್ನೆ ಕೇಳುತ್ತಿದ್ದಳು. ಲ್ಯಾಮ್‌ಸ್ಕೆಲ್ ಗೊತ್ತೇ? ಗೊತ್ತಿಲ್ಲ. ನೆಲ ಯಾರು ಕೊಟ್ಟರು? ಯಾರೂ ಇಲ್ಲ. ಮುದುಕ ಕೆಲವು ಸಲ ಸರಿಯಾಗಿ ಹೇಳುತ್ತಿದ್ದ. ಕೆಲವು ಸಲ ‘ಗೊತ್ತಿಲ್ದೆ ಏನು, ಅವ್ನ ಮಂಚದ ಮ್ಯಾಲೆ ಮಲ್ಗಿವ್ನಿ’ ಎಂದು ರೇಗುತ್ತಿದ್ದ. ಆಗ ಶಾಂತಲಾ ಮತ್ತೆ ಮೊದಲಿನಿಂದ ಕೇಳಬೇಕಾಗುತ್ತಿತ್ತು. ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು ಎಂಬತ್ತಮೂರರ ಮುದುಕನಿಗೆ ಸುಳ್ಳು ಬಾಯಿಪಾಠ ಮಾಡಿಸುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಡಲಿಲ್ಲ.

ಕೋರ್ಟಿನ ವಾಯಿದೆಗೆ ಒಂಬತ್ತು ದಿನ ಮುಂಚೆ ಎಡೆಯ ಅಮಾವಾಸ್ಯೆ ಬಂತು. ಪಕ್ಕದ ಹೊಲದ ಮರಿಯಯ್ಯನನ್ನು ಎದುರು ಪಕ್ಷದವರು ವಿಚಾರಿಸಿಕೊಂಡು ಹೋಗಿದ್ದಾರೆ ಎಂದು ಸುದ್ದಿಯಿತ್ತು. ಶಾಂತಲಾ ಮಾವನ ಅಪ್ಪ ಅಮ್ಮನಿಗೆ, ಸತ್ತ ಅತ್ತೆ ತಿಮ್ಮಮ್ಮನಿಗೆ ಎಲೆ ಹಾಕಿದಳು. ಹೊಸ ಸೀರೆ, ಪಂಚೆ, ಮಾಂಸದ ಸಾರು, ಮುದ್ದೆ, ವಡೆ ಎಲ್ಲ ಬಡಿಸಿದಳು. ನಾಲ್ಕನೆಯ ಎಲೆ ಹಾಕಲಿಲ್ಲ. ಧೂಪ ಹಾಕಲು ಬಂದ ಮುದುಕ ಎಲೆಗಳನ್ನು ಎಣಿಸಿದ. ಅವಳ ಕಡೆ ನೋಡಿದ. ಅವಳು ಬಾಗಿಲ ಹೊರಗೆ ಮರಿಯಯ್ಯ ಕೂತಿದ್ದ ಕಡೆಗೆ ಕಣ್ಣು ತೋರಿಸಿದಳು. ಮುದುಕ ಮೂವರನ್ನು ಹೆಸರು ಹಿಡಿದು ಕರೆದ. ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು, ಹಿರಿಯರು ಉಣ್ಣಲಿ ಎಂದು. ಆಮೇಲೆ ಮನೆಯವರೆಲ್ಲ ಉಂಡರು. ಮುದುಕ ಹೊಟ್ಟೆ ಸರಿಯಿಲ್ಲ ಎಂದು ನೀರು ಕುಡಿದು ಮಲಗಿದ.

ಕೋರ್ಟಿನ ದಿನ ನಟರಾಜು ಬರುವಂತಿರಲಿಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಉರಿ ಹಾಕಿ ಮೂರನೆಯ ದಿನ, ಬಿಟ್ಟರೆ ಸೊಪ್ಪೆಲ್ಲ ಹಾಳು. ಶಾಂತಲಾ ಮಾವನಿಗೆ ಒಗೆದ ಪಂಚೆ ಉಡಿಸಿ ಕೋಟೆಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಇನ್ನೊಮ್ಮೆ ಕೇಳಲು ಬಾಯಿ ತೆರೆದಾಗ ಮುದುಕ, ‘ಸಾಕು ಬುಡವ್ವ, ಬತ್ತದೆ’ ಅಂದ.

ಕಟಕಟೆಯಲ್ಲಿ ನಿಂತು, ದೇವರ ಮೇಲೆ ಆಣೆ ಮಾಡಿ, ಸತ್ಯವನ್ನೇ ಹೇಳುತ್ತೇನೆ ಅಂದ. ಶಾಂತಲಾ ಹಿಂದಿನ ಬೆಂಚಿನಲ್ಲಿ ಸೆರಗಿನ ತುದಿ ಹಿಡಿದುಕೊಂಡು ಕೂತಳು. ಮುದುಕ ಎಲ್ಲಿ ಎಡವುತ್ತಾನೋ ಅನ್ನುವುದೊಂದೇ ಅವಳ ಭಯ. ಸರ್ಕಾರಿ ವಕೀಲರು ಕೂಗಾಡುವವರಲ್ಲ, ಮೆತ್ತಗೆ ಮಾತಾಡುವವರು.

‘ಲ್ಯಾಮ್‌ಸ್ಕೆಲ್ ಅನ್ನೋರನ್ನ ನೀವು ನೋಡಿದ್ರಾ ಅಜ್ಜ?’

‘ಇಲ್ಲ ಸ್ವಾಮಿ.’

‘ಅವರ ಮನೇಲೇ ನಿಮಗೆ ಸಿಡುಬಿನ ಆರೈಕೆ ಆಯ್ತು ಅಂತ ಊರಲ್ಲಿ ಹೇಳ್ತಾರಲ್ಲ?’

ಮುದುಕನ ಕೈ ಮುಖಕ್ಕೆ ಹೋಗಿ ಕೆಳಗಿಳಿಯಿತು. ‘ನಮ್ಮವ್ವ ಮಾಡಿದ್ದು ಸ್ವಾಮಿ.’

‘ಹುಣಸೆ ಮರದ ಕೆಳಗೆ ಇರೋ ಗೋರಿ ಯಾರದು?’

‘ಗೊತ್ತಿಲ್ಲ. ಯಾವ್ದೋ ಕಲ್ಲು.’

‘ವರ್ಷಾ ವರ್ಷಾ ಅವರಿಗೆ ಎಡೆ ಇಡ್ತೀರಿ ಅಲ್ವಾ?’

‘ನಮ್ಮೋರಿಗೆ ಮಡಗ್ತೀವಿ ಸ್ವಾಮಿ. ಕಂಡೋರಿಗೆ ಯಾಕೆ ಮಡಗುಮಾ? ಮೊನ್ನೆ ಮರಿಯಯ್ಯ ನೋಡವ್ನೆ, ಮೂರೇ ಎಲೆ.’

‘ಹಾಗಾದ್ರೆ ನೆಲ ಕೊಟ್ಟೋರು ಯಾರು? ಅವರೇ ಉಳು ಅಂತ ಹೇಳಿದ್ದಲ್ವಾ?’

ಇಲ್ಲಿ ಮುದುಕ ನಿಂತುಬಿಟ್ಟ. ಟೈಪು ಮಾಡುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಶಾಂತಲಾ ಬೆಂಚಿನ ತುದಿಗೆ ಸರಿದಳು. ಹೇಳಿ ಮಾವ, ಒಂದೇ ಮಾತು, ಯಾರೂ ಇಲ್ಲ ಅನ್ನಿ, ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

‘ಯಾರೂ ಕೊಟ್ಟಿಲ್ಲ ಸ್ವಾಮಿ’ ಅಂದ ಸಣ್ಣಬೀರಯ್ಯ. ‘ನಮ್ಮಪ್ಪ ಕಳ್ಳ. ದಿಕ್ಕಿಲ್ದೆ ಸತ್ತೋನ ನೆಲ ಕದ್ದ. ಕದ್ದಿದ್ನ ನಾನು ಉಂಡೆ.’

ಹೊರಗೆ ಬಂದ ಸಿದ್ದಾರ್ಥ ಸಂತೋಷ ಹಿಡಿಸಲಾರದೆ ಶಾಂತಲಾಳ ಹತ್ತಿರ ಬಂದ. ‘ಅಕ್ಕ, ಅದೊಂದು ಮಾತು ನಾನೂ ಹೇಳಿಕೊಟ್ಟಿರಲಿಲ್ಲ. ಇನ್ನೇನೂ ಭಯವಿಲ್ಲ, ನೆಲ ನಿಮ್ಮದೇ ಅಂದ್ಕೊಳ್ಳಿ.’ ಶಾಂತಲಾ ಕೈ ಮುಗಿದಳು. ತಿಂಗಳುಗಳಿಂದ ಈ ಮಾತಿಗೆ ಕಾದವಳಿಗೆ ಅದು ಬಂದಾಗ ನಗಲು ಆಗಲಿಲ್ಲ. ನ್ಯಾಯಾಲಯದ ಮೆಟ್ಟಿಲ ಮೇಲೆ ಕೂತಿದ್ದ ಮಾವ ಈಚೆಗೆ ತಿರುಗಿಯೂ ನೋಡಲಿಲ್ಲ.

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಅಂತರಸಂತೆಯ ಬಸ್ಸು ನಿಂತಿತ್ತು. ಶಾಂತಲಾ ಅತ್ತ ಹೆಜ್ಜೆ ಹಾಕಿದರೆ ಮುದುಕ ಹುಣಸೂರಿನ ಬಸ್ಸಿನ ಕಡೆ ನಡೆದ.

‘ಮಾವ, ಅದಲ್ಲ, ಇದು ನಮ್ದು.’

‘ನಾನು ಸಿದ್ದಲಿಂಗಮ್ಮನ ತಾವ್ಕೆ ಓಯ್ತೀನಿ.’ ಸಿದ್ದಲಿಂಗಮ್ಮ ಮುದುಕನ ಮಗಳು, ಪಿರಿಯಾಪಟ್ಟಣದ ಹಾರನಹಳ್ಳಿಗೆ ಕೊಟ್ಟಿದ್ದರು.

‘ನಾಕು ದಿನ ಬುಟ್ಟು ಓಗಿ. ನಾನೇ ಕಳಿಸ್ತೀನಿ.’

‘ನಾಕು ದಿನಕ್ಕಲ್ಲ ಕಣವ್ವ.’ ಮುದುಕನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಶಾಂತಲಾ ಹೇಗೋ ಸಮಾಧಾನ ಮಾಡುತ್ತಿದ್ದಳು. ‘ಕದ್ದ ನೆಲ ಅಂತ ದೇವ್ರ ಮ್ಯಾಲೆ ಆಣೆ ಮಾಡಿ ಯೋಳಿವ್ನಿ. ಅದ್ರ ಅನ್ನ ನಾ ಎಂಗೆ ಉಣ್ಲಿ? ನೀವು ಉಣ್ಣಿ. ನಿಮ್ಗೇಂತ್ಲೇ ಯೋಳಿದ್ದು, ನಿಮ್ಗೆ ದೋಸ ಇಲ್ಲ.’

ಶಾಂತಲಾ ಅವನ ಪಂಚೆಯ ಸೆರಗು ಹಿಡಿದಳು. ನಿಲ್ದಾಣದ ಜನ ನೋಡುತ್ತಿದ್ದುದು ಅವಳ ಕಣ್ಣಿಗೆ ಬೀಳಲೇ ಇಲ್ಲ. ‘ತಪ್ಪಾಯ್ತು ಮಾವ. ಮನೆಗೆ ಬನ್ನಿ. ಮಕ್ಳು ತಾತ ಎಲ್ಲಿ ಅಂದ್ರೆ ಏನ್ ಯೋಳ್ಲಿ?’

ಮುದುಕ ಮೆಲ್ಲಗೆ ಅವಳ ಬೆರಳು ಬಿಡಿಸಿದ. ‘ಒಂದ್ ಯೋಳವ್ವ. ಆ ಹದಿನಾಕು ಜನದಾಗೆ ಒಬ್ರಾದ್ರೂ ಅವ್ನ ಇಚಾರ ಕೇಳಿದ್ರಾ?’

ಇಲ್ಲ ಅಂದುಬಿಡಬಹುದಿತ್ತು. ಸುಳ್ಳು ಅವಳಿಗೇನು ಹೊಸದಲ್ಲ. ಆದರೆ ಕಟಕಟೆಯಲ್ಲಿ ಅವನನ್ನು ನೋಡಿದ ಮೇಲೆ ಅವಳಿಂದ ಆಗಲಿಲ್ಲ. ‘ಒಬ್ರು ಕೇಳಿದ್ರು ಮಾವ. ವಯಸ್ಸಾದೋರು. ಗೋರಿ ಐತಾ, ಯಾರಾದ್ರೂ ನೋಡ್ಕೊಳ್ಳೋರು ಅವ್ರಾ ಅಂತ. ನಾನೇ ಉತ್ರ ಬರೀಲಿಲ್ಲ.’

ಮುದುಕ ತಲೆಯಾಡಿಸಿದ. ಕಂಡಕ್ಟರ್ ಸೀಟಿ ಊದಿದ. ‘ಬರಿಯವ್ವ’ ಅಂದ ಮುದುಕ, ಮೆಟ್ಟಿಲು ಹತ್ತುತ್ತ. ‘ನೋಡ್ಕೊಳ್ಳೋರು ಇದ್ರು, ಇವತ್ತಿಂದ ಇಲ್ಲ ಅಂತ ಬರಿ.’

ಬಸ್ಸು ಹೋಯಿತು. ಶಾಂತಲಾ ನಿಲ್ದಾಣದ ಸಿಮೆಂಟಿನ ಬೆಂಚಿನ ಮೇಲೆ ಕೂತು, ಮುಖ ಮುಚ್ಚಿಕೊಳ್ಳದೆ, ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದಲ್ಲಿದ್ದ ಹೂವಿನವಳು ಯಾರು ಸತ್ತರು ಎಂದು ಕೇಳಿದಳು. ಅಂತರಸಂತೆಯ ಬಸ್ಸು ಒಂದು ಹೋಗಿ, ಇನ್ನೊಂದು ಬಂದು ನಿಂತಿತು. ಬ್ಯಾರನ್ನಿನ ಮುಂದಿನಿಂದ ನಟರಾಜು ಮೂರು ಸಲ ಫೋನ್ ಮಾಡಿದ. ನಾಲ್ಕನೆಯ ಸಲ ಅವಳು ಎತ್ತಿದಳು.

‘ಏನಾಯ್ತು?’ ಅಂದ ನಟರಾಜು.

‘ಗೆದ್ವಿ ಕಣ್ರೀ’ ಅಂದಳು ಶಾಂತಲಾ. ‘ಮಾವ ಮನೆಗೆ ಬರಾಕಿಲ್ವಂತೆ.’